ಎರಡು ಮುರಿದ ರಟ್ಟುಗಳು

ಡಾಕ್ಟರ್ ವಾರಿಜಮ್ಮನವರಿಗೆ ಒಂದು ಅಭ್ಯಾಸ. ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಡುವ ಮೊದಲು ಅದರ ಮೇಲಿನ ಹೆಸರನ್ನು ಒಮ್ಮೆ ಮೆಲ್ಲಗೆ ಕರೆಯುತ್ತಾರೆ, ಮಗು ಪಕ್ಕದ ಕೋಣೆಯಲ್ಲಿ ಆಡುತ್ತಿದೆಯೇನೋ ಎಂಬಂತೆ.

ಅಂದು ಕರೆದ ಹೆಸರು ಬಿಂದುಶ್ರೀ. ವಯಸ್ಸು ಐದು. ರಕ್ತದ ಕ್ಯಾನ್ಸರ್.

ಅವರ ಬಳಿ ಕಲಿಯುತ್ತಿದ್ದ ತಸ್ನೀಮ್ ಕೇಳಿದಳು: "ಮೇಡಂ, ಕಾಯಿಲೆ ಯಾವುದೆಂದು ಗೊತ್ತಾಯಿತು. ಮೊದಲ ಮದ್ದೂ ಶುರುವಾಗಿದೆ. ಇರುವುದರಲ್ಲೇ ಬಲವಾದದ್ದನ್ನು ಈಗಲೇ ಕೊಟ್ಟುಬಿಡಬಾರದೆ? ಜೀನುಗಳನ್ನು ಓದಿ ಮುಗಿಸುವ ತನಕ ಏಕೆ ಕಾಯಬೇಕು? ಆ ತಾಯಿಗೆ ದಿನಾ 'ನಾಳೆ' ಎನ್ನಲು ನನ್ನಿಂದ ಆಗುತ್ತಿಲ್ಲ."

ವಾರಿಜಮ್ಮ ಕುರ್ಚಿ ತಿರುಗಿಸಿದರು. "ಕೂತ್ಕೋ. ಒಂದು ಮಗ್ಗದ ಕತೆ ಹೇಳುತ್ತೇನೆ."

ಒಬ್ಬ ನೇಕಾರನಿದ್ದ. ಅವನ ಮಗ್ಗದ ಮೇಲೆ ತೂತು ಕೊರೆದ ರಟ್ಟುಗಳ ಉದ್ದನೆಯ ಸರವೊಂದು ತಿರುಗುತ್ತಿತ್ತು. ಯಾವ ಎಳೆ ಏಳಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಆ ತೂತುಗಳೇ ಹೇಳುತ್ತಿದ್ದವು. ಒಬ್ಬ ವ್ಯಾಪಾರಿ ತಂಗಿಯ ಮದುವೆಗೆ ಅವನಿಂದ ಸೀರೆ ನೇಯಿಸುತ್ತಿದ್ದ. ಒಂದು ದಿನ ಅಂಚಿನ ಹೂವು ಗಂಟಾಗಿ ಬಂತು. ಮುಂದಿನದೂ ಹಾಗೆಯೇ. ಅದರ ಮುಂದಿನದೂ.

"ಹಣಿಗೆಯನ್ನು ಜೋರಾಗಿ ಬಡಿ, ಸರಿಹೋಗುತ್ತೆ," ಎಂದ ವ್ಯಾಪಾರಿ, ಎಳೆಗಳನ್ನು ಒತ್ತಿ ಕೂರಿಸುವ ಆ ಬಾಚಣಿಗೆಯನ್ನು ತೋರಿಸುತ್ತ.

ನೇಕಾರ ಮಗ್ಗ ನಿಲ್ಲಿಸಿ ರಟ್ಟುಗಳನ್ನು ಇಳಿಸಿದ. ಒಂದೊಂದನ್ನೇ ಬೆಳಕಿಗೆ ಹಿಡಿದು ಓದತೊಡಗಿದ.

"ಮದುವೆ ಹತ್ತಿರ ಬಂತಯ್ಯಾ! ನೀನು ಪುರಾಣ ಓದುತ್ತ ಕೂತೆಯಲ್ಲ."

"ಪುರಾಣವಾದರೆ ನಾಲ್ಕು ಪುಟ ಹಾರಿಸಬಹುದು, ಧಣಿ. ಇದರಲ್ಲಿ ಆಗದು."

ವ್ಯಾಪಾರಿಗೆ ತಡೆಯಲಾಗಲಿಲ್ಲ. ನೇಕಾರ ಊಟಕ್ಕೆ ಎದ್ದಾಗ ತಾನೇ ಮಗ್ಗಕ್ಕೆ ಕೂತು ಹಣಿಗೆಯನ್ನು ಎಳೆದೆಳೆದು ಬಡಿದ. ಗಂಟು ಅಲುಗಲಿಲ್ಲ. ಸುತ್ತಲಿನ ಒಳ್ಳೆಯ ಎಳೆಗಳು ಹರಿದವು.

ಸಂಜೆಗೆ ನೇಕಾರನಿಗೆ ಎರಡು ರಟ್ಟುಗಳು ಸಿಕ್ಕವು. ಎಂದೋ ಮುರಿದಿದ್ದವು. ಅಂಟಿಸುವಾಗ ಇದರ ಅರ್ಧ ಅದಕ್ಕೂ ಅದರ ಅರ್ಧ ಇದಕ್ಕೂ ಸೇರಿಹೋಗಿತ್ತು. ದೂರದಿಂದ ನೋಡಿದರೆ ಎರಡೂ ಇಡೀ ರಟ್ಟುಗಳೇ. ಬಿಡಿಸಿ, ಸರಿಯಾಗಿ ಅಂಟಿಸಿದ. ಬಡಿಯುವ ಅಗತ್ಯವೇ ಇರಲಿಲ್ಲ.

ತಸ್ನೀಮ್ ಸ್ಲೈಡಿನತ್ತ ಬಾಗಿದಳು. "ಬಿಂದುಶ್ರೀಯ ಜೀನುಗಳಲ್ಲೂ ಹಾಗೆ ಎರಡು ತುಂಡು ಅದಲುಬದಲಾಗಿರಬಹುದೇ?"

"ಇರಬಹುದು. ಕೆಲವು ಅದಲುಬದಲಿಗೆ ಅದಕ್ಕೆಂದೇ ಮದ್ದಿದೆ. ಕೆಲವರಿಗೆ ಬಲವಾದ ಮದ್ದಿನ ಬಡಿತ ಕಡಿಮೆ ಸಾಕು. ಓದದೆ ಹೇಗೆ ಹೇಳಲಿ?"

"ಆ ಹರಿದ ಸೀರೆ ಏನಾಯಿತು, ಮೇಡಂ?"

ವಾರಿಜಮ್ಮ ಸ್ಲೈಡನ್ನು ಎತ್ತಿ, ಹೆಸರು ಮೇಲೆ ಕಾಣುವಂತೆ ಅವಳ ಅಂಗೈಯಲ್ಲಿಟ್ಟರು.

"ಅವನು ಇನ್ನೊಂದು ನೇಯ್ದ. ಈಗ ನಿನ್ನ ಪ್ರಶ್ನೆಯನ್ನು ಇನ್ನೊಮ್ಮೆ ಕೇಳು, ಮಗಳೇ."

ತಸ್ನೀಮ್ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಡುವ ಮೊದಲು ಮೆಲ್ಲಗೆ ಕರೆದಳು: "ಬಿಂದುಶ್ರೀ."