ಹುರಿದ ಓಂಕಾಳಿನ ಬಿಂಕ

ಎಳೆಗೂಸಿನ ಕಟ್ಟಿದ ಮೂಗಿಗೆಂದು ಪುಟ್ಟತಾಯಮ್ಮ ಬೆಳಿಗ್ಗೆ ಒಂದು ಹಿಡಿ ಓಂಕಾಳು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಿಸಿದ್ದಳು. ಕೂಸು ಮಲಗಿದ ಮೇಲೆ ಗಂಟನ್ನು ಒಲೆಯ ಪಕ್ಕ ಇಟ್ಟಳು. ಡಬ್ಬಿಯಲ್ಲಿದ್ದ ಹೊಸ ಓಂಕಾಳು ಅದನ್ನು ನೋಡಿ ನಕ್ಕಿತು.

"ಘಮವೆಲ್ಲ ಹೋಯಿತು, ಬಣ್ಣವೂ ಕೆಟ್ಟಿತು. ತಿಪ್ಪೆಯ ದಾರಿ ಗೊತ್ತಿಲ್ಲವೆ ನಿನಗೆ?"

ಹುರಿದ ಓಂಕಾಳು ಗಂಟಿನೊಳಗೇ ಸೆಟೆದು ಕೂತಿತು. "ಕೆಂಪಾಗಿದ್ದೇನೆ, ಕರಿಯಾಗಿಲ್ಲ. ಕೂಸಿಗೆ ಬೇಕಾದಷ್ಟು ಕೊಟ್ಟೆ, ಮಿಕ್ಕಿದ್ದು ನನ್ನಲ್ಲೇ ಇದೆ."

ಸಂಜೆ ಕೂಸಿನ ಮೂಗು ಮತ್ತೆ ಕಟ್ಟಿತು. ಪುಟ್ಟತಾಯಮ್ಮನ ಸೊಸೆ ಹಳೆಯ ಗಂಟನ್ನು ಪಕ್ಕಕ್ಕೆ ತಳ್ಳಿ ಡಬ್ಬಿ ತೆಗೆದಳು. "ಉರಿ ಜೋರಾಗಲಿ, ಒಂದೇ ಸಲಕ್ಕೆ ಎಲ್ಲ ಕೊಡುತ್ತೇನೆ!" ಎಂದು ಹೊಸ ಓಂಕಾಳು ಹೊಗೆಯಾಡುವ ಕಾವಲಿಗೆ ಹಾರಿತು. ಹಾರಿದ್ದೇ ಸೀದು ಇದ್ದಲಾಯಿತು. ಘಾಟಿಗೆ ಕೂಸು ಕಿಟಾರನೆ ಕಿರುಚಿತು.

ಪುಟ್ಟತಾಯಮ್ಮ ಓಡಿ ಬಂದು ಹಳೆಯ ಗಂಟು ಬಿಚ್ಚಿದಳು. ನಾಲ್ಕು ಕಾಳು ಉಜ್ಜಿ ಮೂಸಿದಳು. "ಇದರ ಸತ್ವ ಎಲ್ಲೂ ಹೋಗಿಲ್ಲ ಕಣೇ, ಸುಮ್ಮನೆ ಬೆಚ್ಚಗೆ ಮಾಡು, ಸಾಕು" ಎಂದಳು.

ಸೊಸೆ ಬೆಚ್ಚಗೆ ಮಾಡಿದ ಗಂಟನ್ನು ತೊಟ್ಟಿಲಲ್ಲಿಟ್ಟಳು; ಕೂಸಿನ ಉಸಿರು ಸರಾಗವಾಯಿತು. ಕಸದ ಮೊರದಲ್ಲಿ ಹೊರಗೆ ಹೊರಟಿದ್ದ ಕರಿಕಾಳಿಗೆ ಗಂಟು ತೊಟ್ಟಿಲಿನಿಂದಲೇ ಕೂಗಿ ಹೇಳಿತು: "ತಿಪ್ಪೆಯ ದಾರಿ ಕೇಳಿದ್ದೆಯಲ್ಲ, ಹಿತ್ತಲ ಬಾಗಿಲು ದಾಟಿ ನೇರ ಹೋಗು."