ಹೊಸ ಫೋನು ಹಿಡಿದ ದಾರಿ

ಹೊಲಿಗೆ ಕಲಿಸುವ ನಫೀಸಾಳ ಫೋನು ನೀರಿಗೆ ಬಿದ್ದು ಕೆಟ್ಟಿತು. ಹೊಸದು ಬಂತು, ಆದರೆ ಮನೆಯ ವೈಫೈ ಪಾಸ್‌ವರ್ಡ್ ಅವಳಿಗೆ ಮರೆತೇಹೋಗಿತ್ತು. ಆ ಮನೆಯೊಳಗೆ ಬೇರೆ ಸಿಗ್ನಲ್ ಬಾರದು. ಸಂಜೆಗೆ ಅವಳ ಮೊದಲ ಆನ್‌ಲೈನ್ ತರಗತಿ.

"ನಾನು ಈ ಮನೆಯದೇ, ಒಳಗೆ ಬಿಡು," ಎಂದಿತು ಹೊಸ ಫೋನು.

"ಎಲ್ಲರೂ ಹಾಗೇ ಹೇಳುತ್ತಾರೆ. ಪಾಸ್‌ವರ್ಡ್ ಹೇಳು," ಎಂದಿತು ರೂಟರ್.

ಫೋನು ರೂಟರಿನ ತಳದಲ್ಲಿ ಅಚ್ಚಾಗಿದ್ದ ಪಾಸ್‌ವರ್ಡನ್ನು ಓದಿ ಹೇಳಿತು.

"ಅದನ್ನು ನಫೀಸಾ ಎಂದೋ ಬದಲಿಸಿದ್ದಾಳೆ."

ಫೋನು ಟಿವಿಯನ್ನು ಕೇಳಿತು. "ನಾನು ಒಳಗಿರುವುದು ನಿಜ. ಆದರೆ ಪಾಸ್‌ವರ್ಡ್ ತೋರಿಸಲು ನನಗೆ ಬರುವುದಿಲ್ಲ," ಎಂದಿತು ಟಿವಿ.

ಆಗ ರೂಟರ್ ಹೇಳಿತು: "ಮನೆಯೊಡತಿ ನನ್ನ ಬೆನ್ನಿನ ಗುಂಡಿ ಒತ್ತಿ ಹಿಡಿದರೆ ಎಲ್ಲವನ್ನೂ ಮರೆತು ಮೊದಲಿನಂತಾಗುತ್ತೇನೆ. ಆದರೆ ಟಿವಿಯೂ ಹೊರಬೀಳುತ್ತದೆ."

"ನಾನೇನು ತಪ್ಪು ಮಾಡಿದೆ?" ಎಂದು ಟಿವಿ ಕೂಗಿತು.

ನೆರೆಮನೆಯ ಫೋನು ಗೋಡೆಯಾಚೆಯಿಂದ ನಕ್ಕಿತು. "ಇಷ್ಟೆಲ್ಲ ಗೋಳೇಕೆ? ಬೀಗ ಒಡೆಯುವ ಆ್ಯಪ್ ನನ್ನಲ್ಲಿದೆ, ತಗೋ."

"ಬೇಡ. ಇಂದು ನಾನು ಕನ್ನ ಕೊರೆದರೆ ನಾಳೆ ಅದೇ ಕನ್ನದಲ್ಲಿ ನೀನು ಬರುತ್ತೀಯ," ಎಂದು ಹೇಳಿ ಹೊಸ ಫೋನು ನಫೀಸಾಳನ್ನು ಕರೆಯಿತು.

ಅವಳು ಸೂಜಿಯಿಂದ ಗುಂಡಿ ಒತ್ತಿ ಹಿಡಿದಳು. ದೀಪಗಳೆಲ್ಲ ಆರಿ ಮತ್ತೆ ಹೊತ್ತಿಕೊಂಡವು.

"ಯಾರು?" ಎಂದು ರೂಟರ್ ಅಪರಿಚಿತನಂತೆ ಕೇಳಿತು.

ಫೋನು ತಳದ ಪಾಸ್‌ವರ್ಡನ್ನೇ ಮತ್ತೆ ಹೇಳಿತು. ಬಾಗಿಲು ತೆರೆಯಿತು. ಒಡನೆ ನಫೀಸಾ ಹೊಸ ಪಾಸ್‌ವರ್ಡ್ ಇಟ್ಟಳು.

ತರಗತಿಗೆ ಹೊತ್ತಾಗಿತ್ತು. ಆದರೂ ಫೋನು ಮೊದಲು ಟಿವಿಯನ್ನು ಒಳಗೆ ಸೇರಿಸಿ, ಆಮೇಲೆ ತನ್ನ ಕೆಲಸಕ್ಕೆ ಕೂತಿತು.