ಬೆರಳಲ್ಲಿ ಎತ್ತುವ ಸೈಕಲ್

ವಿಜಯಪುರದ ಒಂದು ಸರ್ಕಾರಿ ಕಚೇರಿಯಲ್ಲಿ ನೀಲಗಂಗಾ ಟಪಾಲು ಹಂಚುತ್ತಿದ್ದಳು. ದಿನಾ ಊರೊಳಗಿನ ನಾಲ್ಕು ಕಚೇರಿಗಳಿಗೆ ಓಡಬೇಕು, ಒಳಗೆ ಹೋಗಿ ಸಹಿ ಹಾಕಿಸಿಕೊಂಡು ಬರಬೇಕು. ದಾರಿ ಸಣ್ಣದು, ಅವಸರ ದೊಡ್ಡದು. ಸಪೂರ ಟೈರಿನ ರೇಸ್ ಸೈಕಲ್ ತಂದೇ ತೀರಬೇಕೆಂದು ಹಟ ಹಿಡಿದು ಅಂಗಡಿಗೆ ಬಂದಳು. ಉಕ್ಕಿನದೊಂದರ ಬೆಲೆ ಅವಳ ಕೈಗೆಟಕುವಂತಿತ್ತು.

ಅಂಗಡಿಯ ಸಂಗಪ್ಪ ಸಾವಕಾರ ಮೂಗು ಮುರಿದ. "ಅದೂ ಒಂದು ಸೈಕಲ್ಲೇನವಾ? ಕಾರ್ಬನ್ನಿಂದು ನೋಡಿಲ್ಲಿ. ಬರೇ ಲಕ್ಷ ರೂಪಾಯಿ, ಕಂತಿನ ಮ್ಯಾಲ ಕೊಡ್ತೀನಿ. ಒಂದು ಬೆರಳಾಗ ಎತ್ತಬಹುದು!" ಎಂದು ಎತ್ತಿಯೂ ತೋರಿಸಿದ. "ಇದರ ಮುಂದ ಆ ಕಬ್ಬಿಣ ಏನು ಓಡತದ?"

"ಹಂಗಾದ್ರ ಅದನ್ನ ನೀವ ಹೊಡೀರಿ ಸಾವಕಾರ್ರ, ಕಬ್ಬಿಣ ನಾ ಹೊಡೀತೀನಿ. ನಾಲ್ಕೂ ಕಚೇರಿ ಸಹಿ ಮೊದಲು ತಂದವರು ಗೆದ್ದಂಗ. ನೀವು ಗೆದ್ರ ಲಕ್ಷದ್ದ ಒಯ್ತೀನಿ."

ಸಾವಕಾರ ಪಂಚೆ ಎತ್ತಿ ಕಟ್ಟಿ ಗಾಳಿಯಂತೆ ಹೊರಟ. ಮೊದಲ ತಿರುವಿನಲ್ಲೇ ಕಣ್ಮರೆಯಾದ. ನೀಲಗಂಗಾ ಬಿಡಲಿಲ್ಲ, ಹಲ್ಲು ಕಚ್ಚಿ ತುಳಿದಳು.

ನಾಲ್ಕು ಸಹಿ ಹಿಡಿದು ಮರಳುವಾಗ ನೋಡುತ್ತಾಳೆ, ಹೋಗುವಾಗ ಕಂಡಿದ್ದ ಸಾವಕಾರ ಇನ್ನೂ ಮೊದಲ ಕಚೇರಿಯ ಬಾಗಿಲಲ್ಲೇ ಹ್ಯಾಂಡಲ್ ಹಿಡಿದು ನಿಂತಿದ್ದಾನೆ. ಬೆವರು ಸುರಿಯುತ್ತಿದೆ. ಸಹಿ ಹಾಕಿಸಬೇಕಾದ ಚೀಟಿ ಖಾಲಿ.

"ಯಾಕ್ರೀ, ಒಳಗ ಹೋಗಲಿಲ್ಲ?"

"ಹೆಂಗ ಹೋಗಲವಾ? ಸಹಿ ಮಾಡೋರು ಮೂರನೇ ಮಾಳಗಿ ಮ್ಯಾಲ ಅದಾರ. ಬೀಗ ಹಾಕಿ ಕೆಳಗ ಬಿಟ್ರೂ ಇದನ್ನ ಯಾವನರೆ ಒಂದು ಬೆರಳಾಗ ಎತ್ತಿಕೊಂಡು ಹೋಗ್ತಾನ!"

"ನೀವ ಮೊದಲು ಬಂದ್ರಿ, ಖರೇ. ಆದ್ರ ಇನ್ನೂ ಇಲ್ಲೇ ಅದೀರಿ," ಎಂದಳು ನೀಲಗಂಗಾ. "ಅಂಗಡಿಗೆ ನಡೀರಿ, ಕಬ್ಬಿಣದ್ದಕ್ಕ ಬಿಲ್ ಬರೀರಿ."